ಲೋನಿಯ ಗೇಟಿಗೆ ಸೊಪ್ಪು ಬಿದ್ದ ಭಾನುವಾರ

ಅಪೊಲೋನಿಯಾ ಎಂಬ ಉದ್ದನೆಯ ಹೆಸರನ್ನು ಅವಳಿಗೆ ಇಟ್ಟವರು ಪಾದ್ರಿ. ಆಮೇಲೆ ಅದನ್ನು ಪೂರ್ತಿಯಾಗಿ ಕರೆದವರು ಯಾರೂ ಇಲ್ಲ. ಮೈನ್ ನದಿಯ ಈ ತಿರುವಿನಲ್ಲಿ ಅವಳು ಲೋನಿ, ಅಷ್ಟೆ. ಬಿಯರ್ ಕುಡಿಯುವ ಊರಿನಲ್ಲಿ ಹುಟ್ಟಿ, ವೈನ್ ಕುಡಿಯುವ ಊರಿಗೆ ಸೊಸೆಯಾಗಿ ಬಂದವಳು, ಬಂದ ಮೊದಲ ಊಟದಲ್ಲೇ ಮಾನ ಕಳೆದುಕೊಂಡಳು. ಅತ್ತೆ ಸೆಂಟಾ ಮುಂದಿಟ್ಟ ಗ್ಲಾಸಿನಿಂದ ಒಂದು ಗುಟುಕು ಹೀರಿ, ಮುಖ ಸಿಂಡರಿಸಿ, "ಸ್ವಲ್ಪ ಸಕ್ಕರೆ ಇದ್ಯಾ?" ಎಂದು ಕೇಳಿಬಿಟ್ಟಳು.

ಆ ಮಾತು ಸಂಜೆಯೊಳಗೆ ನದಿಯ ಎರಡೂ ದಡ ಮುಟ್ಟಿತು. ಗ್ಲಾಸಿನಲ್ಲಿದ್ದದ್ದು ಸಿಲ್ವಾನರ್. ಈ ಬೆಟ್ಟದ ಸುಣ್ಣಕಲ್ಲಿನ ನೆಲದಲ್ಲಿ ಬೆಳೆದ ದ್ರಾಕ್ಷಿಯ ಬಿಳಿ ವೈನ್; ಹಣ್ಣಿನ ಸಿಹಿಯನ್ನೆಲ್ಲ ಹುದುಗು ಬರುವಾಗಲೇ ಕಳೆದುಕೊಂಡು, ಗಂಟಲಲ್ಲಿ ಖಡಕ್ಕಾಗಿ ಇಳಿಯುವಂಥದು. ಅದಕ್ಕೆ ಸಕ್ಕರೆ ಕೇಳುವುದೆಂದರೆ, ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಎದ್ದುನಿಂತು ಸಿನಿಮಾ ಟಿಕೆಟ್ ಎಲ್ಲಿ ಸಿಗುತ್ತದೆ ಎಂದು ಕೇಳಿದ ಹಾಗೆ. ಗಂಡ ಏವಾಲ್ಟ್ ನಗು ತಡೆಯಲಾರದೆ ಹಿತ್ತಿಲಿಗೆ ಓಡಿದ. ಅತ್ತೆ ನಗಲಿಲ್ಲ. ಬೆಣ್ಣೆ ಸುರಿದ ಬಿಳಿ ಆಸ್ಪರಾಗಸ್ ದಂಟೊಂದನ್ನು ಸೊಸೆಯ ತಟ್ಟೆಗೆ ಹಾಕಿದಳು.

"ಇದನ್ನ ಬರೀ ಬಾಯಿಗೆ ಕುಡಿಯೋದಲ್ಲ ಕಣೇ. ಮೊದಲು ಆ ದಂಟು ತಿನ್ನು. ಅಗಿ. ಅವಸರ ಮಾಡ್ಬೇಡ. ಹಾಂ, ಈಗ ಕುಡಿ."

ಲೋನಿ ಕುಡಿದಳು. ದಂಟಿನ ಮಣ್ಣಿನ ಕಂಪು, ಬೆಣ್ಣೆಯ ಜಿಡ್ಡು, ಎಳೆ ಆಲೂಗಡ್ಡೆಯ ಮೆತ್ತನೆ ಎಲ್ಲ ಬಾಯಲ್ಲಿ ಕುಳಿತಿದ್ದಾಗ ಆ ವೈನು ಒಳಗೆ ನುಗ್ಗಿ ನಾಲಿಗೆಯನ್ನು ತೊಳೆದುಬಿಟ್ಟಿತು. ತಕ್ಷಣ ಇನ್ನೊಂದು ತುತ್ತು ಬೇಕೆನಿಸಿತು. ತುತ್ತು ತಿಂದರೆ ಇನ್ನೊಂದು ಗುಟುಕು ಬೇಕೆನಿಸಿತು. ಅವತ್ತು ಮೇಜಿನಿಂದ ಎದ್ದಾಗ ಅವಳಿಗೆ ಕಾಲು ನೆಲದ ಮೇಲಿರಲಿಲ್ಲ, ಮತ್ತು ಈ ಮನೆ ಬಿಟ್ಟು ಹೋಗುವ ಮನಸ್ಸು ಆಮೇಲೆ ಯಾವತ್ತೂ ಬರಲಿಲ್ಲ.

ಅತ್ತೆಯ ಕೈಕೆಳಗೆ ಅವಳ ನಾಲಿಗೆ ಪಳಗಿತು. ವಿನೆಗರ್ ನೀರಿನಲ್ಲಿ ಈರುಳ್ಳಿಯೊಂದಿಗೆ ಬೇಯಿಸಿದ ಸಾಸೇಜಿಗೆ ಯಾವ ವರ್ಷದ ವೈನು, ಬೆರಳುದ್ದದ ನದಿ ಮೀನನ್ನು ಗರಿಗರಿಯಾಗಿ ಕರಿದಾಗ ಯಾವುದು, ಚೀಸನ್ನು ಬೆಣ್ಣೆ, ಈರುಳ್ಳಿ, ಕೆಂಪು ಮೆಣಸಿನ ಪುಡಿ ಹಾಕಿ ಕಲಸಿದ ಮುದ್ದೆಗೆ ಯಾವುದು, ಎಲ್ಲ ಅವಳಿಗೆ ಕರತಲಾಮಲಕವಾಯಿತು. ಆದರೆ ಅತ್ತೆಗೂ ಬಾರದ ಒಂದು ವಿದ್ಯೆ ಸೊಸೆಗೆ ತಾನಾಗಿ ಬಂತು. ಲೋನಿ ಮುಖ ನೋಡಿ ತಟ್ಟೆ ಹೇಳುತ್ತಿದ್ದಳು. ಜಗಳವಾಡಿಕೊಂಡು ಬಂದ ಗಂಡ ಹೆಂಡತಿಗೆ ಕರಿದ ಮೀನಿನ ಒಂದೇ ತಟ್ಟೆ ಕೊಡುತ್ತಿದ್ದಳು. ಕೈಯಲ್ಲಿ ತಿನ್ನಬೇಕಾದ ಆ ಮೀನಿಗೆ ಇಬ್ಬರೂ ಒಟ್ಟಿಗೆ ಕೈಹಾಕಿ, ಬೆರಳು ತಾಗಿ, ಎರಡನೇ ಗ್ಲಾಸಿಗೆ ಮಾತಿಗಿಳಿಯುತ್ತಿದ್ದರು. ಸೊಸೆಯ ಬಗ್ಗೆ ಅಳಲು ಬಂದ ಮುದುಕಿಗೆ ಹುಳಿ ಸಾಸೇಜು; ತಿನ್ನುತ್ತ ತಿನ್ನುತ್ತ ಮುದುಕಿಗೆ ಅಳು ಮರೆತು ಬೈಗುಳ ನೆನಪಾಗುತ್ತಿತ್ತು, ಅದು ಆರೋಗ್ಯಕ್ಕೆ ಒಳ್ಳೆಯದು.

ಇದೆಲ್ಲ ನಡೆಯುತ್ತಿದ್ದದ್ದು ಅವರ ಮನೆಯೊಳಗೇ. ದ್ರಾಕ್ಷಿ ಬೆಳೆಯುವವರು ವರ್ಷದಲ್ಲಿ ನಾಲ್ಕು ತಿಂಗಳು ತಮ್ಮ ಮನೆಯಲ್ಲೇ ತಮ್ಮದೇ ವೈನು ಬಡಿಸಬಹುದು, ಅದಕ್ಕೆ ಹೋಟೆಲಿನ ಲೈಸೆನ್ಸು ಬೇಡ. ನಲವತ್ತಕ್ಕಿಂತ ಹೆಚ್ಚು ಜನ ಕೂರಬಾರದು, ಅಡುಗೆ ಸರಳವಾಗಿರಬೇಕು, ಅಷ್ಟೇ ಷರತ್ತು. ಬೋರ್ಡು ಗೀರ್ಡು ಏನೂ ಇಲ್ಲ. ಗೇಟಿನ ಮೇಲಿನ ಕಬ್ಬಿಣದ ಕೊಕ್ಕೆಗೆ ಹಸಿರು ಪೈನ್ ಸೊಪ್ಪಿನ ಕಟ್ಟೊಂದನ್ನು ತೂಗಿಹಾಕಿದರೆ ಮನೆ ತೆರೆದಿದೆ ಎಂದರ್ಥ. ತೆಗೆದರೆ ಮುಚ್ಚಿದೆ. ಸೊಪ್ಪು ಬಿದ್ದ ದಿನ ಲೋನಿಯ ಮನೆಯ ಮಂಚಗಳು ಅಟ್ಟ ಸೇರುತ್ತಿದ್ದವು, ಮಲಗುವ ಕೋಣೆಗೆ ಬೆಂಚು ಬರುತ್ತಿತ್ತು, ಏವಾಲ್ಟನ ಅಜ್ಜ ಅಜ್ಜಿಯ ಮದುವೆ ಫೋಟೋದ ಕೆಳಗೆ ಯಾರೋ ಕಂಡರಿಯದ ಜನ ಹೆಗಲಿಗೆ ಹೆಗಲು ತಾಗಿಸಿ ಕೂತು ಹಾಡು ಹೇಳುತ್ತಿದ್ದರು.

ಮೂರು ಚಳಿಗಾಲದ ಹಿಂದೆ ಏವಾಲ್ಟ್ ಎದೆನೋವಿನಿಂದ ತೀರಿಕೊಂಡ. ಲೋನಿ ಬಳ್ಳಿಗಳನ್ನು ಬಿಡಲಿಲ್ಲ. ವರ್ಷವರ್ಷವೂ ವೈನು ಮಾಡಿ, ಈ ಸೀಮೆಗೇ ವಿಶಿಷ್ಟವಾದ ಚಪ್ಪಟೆ ಹೊಟ್ಟೆಯ ಬಾಟಲಿಗಳಿಗೆ ತುಂಬಿ ನೆಲಮಾಳಿಗೆಯಲ್ಲಿ ಮಲಗಿಸಿದಳು. ಆದರೆ ಗೇಟಿಗೆ ಸೊಪ್ಪು ಹಾಕಲಿಲ್ಲ. ಜನ ಕೇಳಿದರೆ "ಮಂಚ ಹೊರೋಕೆ ಆಳಿಲ್ಲ" ಎನ್ನುತ್ತಿದ್ದಳು. ಎಂಬತ್ತು ದಾಟಿದ ಸೆಂಟಾ ಸೊಪ್ಪಿನ ಮಾತು ಎತ್ತುತ್ತಿರಲಿಲ್ಲ. ಮಗನನ್ನು ಕಳೆದುಕೊಂಡವಳಿಗೆ ಏನು ಹೇಳುವುದೆಂದು ಲೋನಿಗೂ ತಿಳಿಯುತ್ತಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ಮೇಜಿನ ಎರಡು ತುದಿಯಲ್ಲಿ ಕೂತು, ಒಂದೊಂದು ಗ್ಲಾಸು ಕುಡಿದು, ಬೇಗ ಮಲಗುತ್ತಿದ್ದರು.

ಈ ಮಧ್ಯೆ ಓಟ್ಮಾರ್ ಬಂದ.

ಓಟ್ಮಾರ್ ನದಿಯಾಚೆಯ ಮರಳು ನೆಲದವನು, ಆಸ್ಪರಾಗಸ್ ಬೆಳೆಗಾರ, ಬಹಳ ಹಿಂದೆ ಹೆಂಡತಿ ಕಳೆದುಕೊಂಡವನು. ಆ ದಂಟು ಬೆಳಕು ಕಂಡರೆ ಬಣ್ಣ ಕೆಡುತ್ತದೆಂದು ಮಣ್ಣಿನ ದಿಬ್ಬದೊಳಗೇ ಹುದುಗಿಸಿ ಬೆಳೆಸುತ್ತಾರೆ; ಓಟ್ಮಾರನ ಮಾತೂ ಹಾಗೆಯೇ, ಹೊರಗೆ ತಲೆಹಾಕುವುದಕ್ಕೆ ಅಂಜುತ್ತಿತ್ತು. ಅವನು ಒಂದು ವಾಕ್ಯ ಶುರುಮಾಡಿದರೆ ಕ್ರಿಯಾಪದ ಬರುವಷ್ಟರಲ್ಲಿ ಆಲೂಗಡ್ಡೆ ಬೆಂದಿರುತ್ತಿತ್ತು. ಮೊದಲ ವರ್ಷ ಭಾನುವಾರ ಭಾನುವಾರ ಒಂದು ಕಟ್ಟು ದಂಟನ್ನು ಲೋನಿಯ ಗೇಟಿನ ಬುಡದಲ್ಲಿಟ್ಟು ಕಳ್ಳನ ಹಾಗೆ ಓಡಿದ. ಎರಡನೇ ವರ್ಷ ಗೇಟಿನಲ್ಲಿ ನಿಂತು ಹವಾಮಾನ ವಿಚಾರಿಸಿದ. ಈ ವರ್ಷ ಲೋನಿಯೇ ಸಿಟ್ಟುಮಾಡಿ ಒಳಗೆ ಕೂರಿಸಿ, ಅವನದೇ ದಂಟು ಬೇಯಿಸಿ, ಪಕ್ಕಕ್ಕೆ ಸಿಲ್ವಾನರ್ ಸುರಿದಳು. ಪಾಪ, ಹುಟ್ಟಿದಾರಭ್ಯ ಬಿಯರ್ ಕುಡಿದವನು. ಒಂದು ತುತ್ತು, ಒಂದು ಗುಟುಕು. ತಟ್ಟೆಯಲ್ಲಿ ಉಳಿದಿದ್ದ ದಂಟನ್ನು ತಿರುಗಿಸಿ ನೋಡಿದ.

"ನಲವತ್ತು ವರ್ಷ ಇದನ್ನ ಬೆಳೀತಾ ಇದ್ದೀನಿ," ಎಂದ ಕೊನೆಗೆ. "ಇದರ ರುಚಿ ಏನು ಅಂತ ಇವತ್ತು ಗೊತ್ತಾಯ್ತು."

ಲೋನಿ ಕರಗಿದ್ದು ಆ ಮಾತಿಗೆ. ಹೊಗಳುವ ಗಂಡಸರನ್ನು ಅವಳು ಬೇಕಾದಷ್ಟು ನೋಡಿದ್ದಳು, ಅವರೆಲ್ಲ ಬೆಳಗಾಗುವಷ್ಟರಲ್ಲಿ ಹೊಗಳಿದ್ದನ್ನು ಮರೆಯುತ್ತಿದ್ದರು. ಇವನು ಮರೆಯುವ ಪೈಕಿ ಅಲ್ಲ.

ಹೋದ ಭಾನುವಾರ ಹೊರಡುವಾಗ ಓಟ್ಮಾರ್ ಟೊಪ್ಪಿಗೆಯನ್ನು ಮೂರು ಸುತ್ತು ತಿರುಗಿಸಿ, "ಮುಂದಿನ ವಾರ ನಿನ್ನ ಹತ್ರ ಒಂದು ವಿಷಯ ಕೇಳ್ಬೇಕು, ಲೋನಿ" ಎಂದಿದ್ದ. ಏನು ವಿಷಯ ಎಂದು ಊಹಿಸಲಾರದಷ್ಟು ಲೋನಿ ದಡ್ಡಿಯಲ್ಲ. ವಾರವಿಡೀ ಅವಳು ಬಳ್ಳಿಗಳ ನಡುವೆ ಹುಡುಗಿಯಂತೆ ಗುನುಗುತ್ತ ಓಡಾಡಿದಳು. ಆದರೆ ಒಂದು ತೊಡಕಿತ್ತು. ಆ ಭಾನುವಾರ ಕಳೆದ ಮೇಲೆ ಬರುವ ವಾರವೇ ಸಂತ ಯೋಹಾನನ ಹಬ್ಬ. ಹಬ್ಬದ ದಿನ ಆಸ್ಪರಾಗಸ್ ಕುಯ್ಲು ನಿಲ್ಲುತ್ತದೆ, ಇಡೀ ಪ್ರಾಂತ್ಯದಲ್ಲಿ ಆಮೇಲೆ ಒಂದು ದಂಟಿಗೂ ಚಾಕು ತಾಗಿಸುವುದಿಲ್ಲ. ಕುಯ್ಲಿಲ್ಲದೆ ಹೋದರೆ ಓಟ್ಮಾರನಿಗೆ ನದಿ ದಾಟಲು ನೆಪವಿಲ್ಲ. ನೆಪವಿಲ್ಲದೆ ಬರುವ ಧೈರ್ಯ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ. ಹೋದ ವರ್ಷವೂ ಗೇಟಿನಲ್ಲಿ ನಿಂತು "ಲೋನಿ, ನಾನು..." ಎಂದು ಶುರುಮಾಡಿದ್ದ, ಅಷ್ಟರಲ್ಲಿ ಹಬ್ಬ ಬಂತು, ಮುಂದಿನ ಶಬ್ದಕ್ಕೆ ಅವಳು ದಂಟು ಮತ್ತೆ ಮೊಳೆಯುವ ಏಪ್ರಿಲ್ ತನಕ ಕಾಯಬೇಕಾಯಿತು. ಇನ್ನೊಂದು ಸಲ ಕಾಯುವ ವಯಸ್ಸು ಲೋನಿಯದಲ್ಲ. ಈ ಭಾನುವಾರ ಅವನು ಕೇಳಲೇಬೇಕು.

ಹಾಗಾಗಿ ಅವಳು ಎಲ್ಲ ಅಣಿಮಾಡಿದಳು. ಅತ್ತೆಯನ್ನು ಚರ್ಚಿನ ಪೂಜೆ ಮುಗಿಯುತ್ತಲೇ ಪಕ್ಕದೂರಲ್ಲಿದ್ದ ಅತ್ತೆಯ ತಂಗಿಯ ಮನೆಗೆ ಕಳಿಸಿದಳು. ಅತ್ತೆಗೆ ಈ ವಿಷಯ ಹೇಳಿರಲಿಲ್ಲ. ಮಗನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆಂದು ಯಾವ ಬಾಯಲ್ಲಿ ಹೇಳುವುದು? ಆಮೇಲೆ ಅಂಗಳ ಗುಡಿಸಿದಳು. ಗೇಟಿನ ದಾರಿಗೆ ಅಡ್ಡವಾಗಿ ಚಾಚಿಕೊಂಡಿದ್ದ ಪೈನ್ ಕೊಂಬೆಗಳು ಓಟ್ಮಾರನ ಟೊಪ್ಪಿಗೆ ಬೀಳಿಸುತ್ತವೆಂದು ಕತ್ತರಿಸಿದಳು. ಕತ್ತರಿಸಿದ್ದನ್ನು ಒಟ್ಟುಮಾಡಿ ಹುರಿ ಸುತ್ತಿದಳು. ಅಷ್ಟರಲ್ಲಿ ಒಲೆಯ ಮೇಲೆ ಬೆಣ್ಣೆ ಕರಗುವ ವಾಸನೆ ಬಂತು. ಕೈಯಲ್ಲಿದ್ದ ಕಟ್ಟನ್ನು ಎಲ್ಲಾದರೂ ಇಡಬೇಕಲ್ಲ? ಮೂವತ್ತು ವರ್ಷ ಮಾಡಿದ ಕೆಲಸ, ಕೈ ಅವಳನ್ನು ಕೇಳಲಿಲ್ಲ. ಕಟ್ಟನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸಿ ಒಳಗೆ ಓಡಿದಳು.

ನದಿಯ ನಡುವೆ ದೋಣಿ ನಡೆಸುತ್ತಿದ್ದ ಕಿಲಿಯಾನನ ಕಣ್ಣಿಗೆ ಅದು ಬಿತ್ತು. ಕಿಲಿಯಾನ್ ಈ ದಡದಿಂದ ಆ ದಡಕ್ಕೆ ಜನ, ಸೈಕಲ್ಲು, ಕಾರು ಸಾಗಿಸುವ ಕೆಲಸದವನು. ಸುದ್ದಿಯನ್ನು ಮಾತ್ರ ಬಿಟ್ಟಿ ಸಾಗಿಸುತ್ತಿದ್ದ.

ಮೊದಲು ಬಂದವರು ಊರಿನ ಇಬ್ಬರು ಮುದುಕರು, ಜೇಬಿನಲ್ಲಿ ತಮ್ಮ ತಮ್ಮ ಚಾಕು ಇಟ್ಟುಕೊಂಡೇ ಬಂದಿದ್ದರು. ಅಂಗಳದ ಬೆಂಚಿನ ಮೇಲೆ ಕೂತು, ಅಡುಗೆಮನೆಯ ಕಿಟಕಿಗೆ ಮುಖ ಹಾಕಿ ಒಬ್ಬ ಕೂಗಿದ: "ಲೋನಿ, ದೇವರು ನಿನ್ನ ಚೆನ್ನಾಗಿಟ್ಟಿರಲಿ ತಾಯಿ. ಮೂರು ವರ್ಷ ಹೆಂಡ್ತಿ ಮುಖ ನೋಡ್ಕೊಂಡೇ ಕುಡಿದು ಕುಡಿದು ಸಾಕಾಗಿತ್ತು."

ಬೆಣ್ಣೆಯ ಬಾಣಲೆ ಹಿಡಿದಿದ್ದ ಲೋನಿ ತಿರುಗಿ ನೋಡಿದಳು. ಮುದುಕರನ್ನು ನೋಡಿದಳು, ಗೇಟನ್ನು ನೋಡಿದಳು, ಮೇಲಕ್ಕೆ ನೋಡಿದಳು. ಕೊಕ್ಕೆಯಲ್ಲಿ ಅವಳೇ ಸಿಕ್ಕಿಸಿದ ಸೊಪ್ಪಿನ ಕಟ್ಟು ತೂಗುತ್ತಿತ್ತು.

ಓಡಿಹೋಗಿ ಕಟ್ಟು ಕಿತ್ತುಹಾಕಬಹುದಿತ್ತು. ಆದರೆ ಸೊಪ್ಪಿನ ಕೆಳಗೆ ಹಾದುಬಂದವನನ್ನು ಬಾಯಾರಿಕೆಯಲ್ಲೇ ಕಳಿಸಿದ ಮನೆ ಈ ನದಿಯ ಉದ್ದಕ್ಕೂ ಒಂದೂ ಇಲ್ಲ. ಅಂಥ ಹೆಸರು ತೆಗೆದುಕೊಂಡು ಬದುಕುವುದಕ್ಕಿಂತ ಬಿಯರ್ ಊರಿಗೆ ವಾಪಸು ಹೋಗುವುದೇ ಮೇಲು. ಇಬ್ಬರೇ ತಾನೆ, ಒಂದೊಂದು ಗ್ಲಾಸು ಕೊಟ್ಟು ಸಾಗಹಾಕಿದರಾಯಿತು ಎಂದು ನೆಲಮಾಳಿಗೆಗೆ ಇಳಿದು ಎರಡು ಬಾಟಲಿ ಹಿಡಿದು ಮೇಲೆ ಬಂದಳು. ಬರುವಷ್ಟರಲ್ಲಿ ಅಂಗಳದಲ್ಲಿ ಒಂಬತ್ತು ಜನ ಇದ್ದರು. ಗ್ಲಾಸು ತರಲು ಒಳಗೆ ಹೋಗಿ ಬಂದರೆ ಹತ್ತೊಂಬತ್ತು. ದೂರದ ಹಂಬರ್ಗ್ ನಗರದಿಂದ ಬಂದ ಸೈಕಲ್ ಸವಾರರ ದಂಡೊಂದು ಗೋಡೆಗೆ ಸೈಕಲ್ಲುಗಳನ್ನು ಒರಗಿಸುತ್ತಿತ್ತು. ಯಾರೋ ಪುಣ್ಯಾತ್ಮರು ಆಗಲೇ ಮಲಗುವ ಕೋಣೆಯ ಮಂಚ ಬಿಚ್ಚುತ್ತಿದ್ದರು.

"ಮಂಚಕ್ಕೆ ಕೈ ಹಾಕ್ಬೇಡ್ರಪ್ಪ," ಎಂದು ಲೋನಿ ಕೂಗಿದಳು.

"ಹೊರೋಕೆ ಆಳಿಲ್ಲ ಅಂತಿದ್ಯಲ್ಲ ಅಕ್ಕ, ನಾವು ಆರು ಜನ ಇದ್ದೀವಿ," ಎಂದು ಮೇಲಿನಿಂದ ಉತ್ತರ ಬಂತು.

ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಕೈಗಳು ಮಾತ್ರ ಆಗಲೇ ಈರುಳ್ಳಿ ಹೆಚ್ಚುತ್ತಿದ್ದವು. ಮನೆಯಲ್ಲಿದ್ದ ಚೀಸೆಲ್ಲ ಮುದ್ದೆಯಾಯಿತು. ಪಕ್ಕದ ಮನೆಯಿಂದ ಸಾಸೇಜು ಬಂತು, ಎದುರು ಮನೆಯಿಂದ ಬ್ರೆಡ್ಡು. ಮೂರು ವರ್ಷ ಮಲಗಿದ್ದ ಬಾಟಲಿಗಳು ಒಂದೊಂದಾಗಿ ಬೆಳಕು ಕಂಡವು. ಕುಡಿದವರೆಲ್ಲ ಮೊದಲ ಗುಟುಕಿಗೆ ಸುಮ್ಮನಾಗಿ, ಎರಡನೆಯದಕ್ಕೆ ಗ್ಲಾಸನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅದನ್ನು ನೋಡಿ ಲೋನಿಗೆ ತಾನಾಗಿ ನಗು ಬಂತು. ಇಂಥ ಸಂತೋಷ ಒಂದಿತ್ತು ಎಂಬುದನ್ನೇ ಅವಳು ಮರೆತಿದ್ದಳು.

ಹಂಬರ್ಗಿನ ಹೆಂಗಸೊಬ್ಬಳು ಕೈಯೆತ್ತಿ ಕರೆದಳು. "ಇದು ಸ್ವಲ್ಪ ಒಗರು ಅನ್ಸುತ್ತೆ. ಸ್ವಲ್ಪ ಸಿಹಿ ವೈನ್ ಇದ್ಯಾ?"

ಮುದುಕರು ಚಾಕು ಕೆಳಗಿಟ್ಟರು. ಲೋನಿ ಅವಳ ಪಕ್ಕದಲ್ಲೇ ಕೂತು, ಅವಳ ಮುಖ ಒಂದು ಕ್ಷಣ ನೋಡಿದಳು. "ಬೆಳಗ್ಗಿಂದ ಏನೂ ತಿಂದಿಲ್ಲ ಅಲ್ವಾ ನೀವು? ಬರೀ ಸೈಕಲ್ ತುಳ್ಕೊಂಡು ಬಂದಿದ್ದೀರಿ. ಇರಿ, ದಂಟು ಬರ್ತಾ ಇದೆ. ಅದರ ಜೊತೆ ಇದನ್ನೇ ಕುಡೀರಿ, ಆಮೇಲೆ ಹೇಳಿ."

ದಂಟು ಬರುತ್ತಾ ಇದೆ ಎಂದವಳಿಗೆ ಆಗ ನೆನಪಾಯಿತು, ದಂಟು ತರುವವನೂ ಬರುತ್ತಾ ಇದ್ದಾನೆ ಎಂದು.

ಓಟ್ಮಾರ್ ಅದೇ ದೋಣಿಯಿಂದ ಇಳಿದ. ಕರಿ ಕೋಟು, ಕೊರಳಿಗೆ ಟೈ, ಬಾಚಿದ ತಲೆ. ಹಬ್ಬಕ್ಕೆ ಮುಂಚಿನ ಕೊನೆಯ ಕುಯ್ಲೆಂದು ಕಟ್ಟಲ್ಲ, ಇಡೀ ಪೆಟ್ಟಿಗೆ ದಂಟನ್ನೇ ಹೊತ್ತು ತಂದಿದ್ದ. ಗೇಟಿಗೆ ಬಂದವನು ಅಂಗಳ ನೋಡಿ ಕಲ್ಲಾದ. ಬಿಯರಿನವನು, ತಲೆಯ ಮೇಲೆ ತೂಗುತ್ತಿದ್ದ ಸೊಪ್ಪಿನ ಕಡೆಗೆ ಅವನ ಕಣ್ಣು ಹೋಗಲೇ ಇಲ್ಲ. ಅವನು ಕೇಳಲಿದ್ದ ಒಂದು ಮಾತನ್ನು ಕೇಳಿಸಿಕೊಳ್ಳಲು ಲೋನಿ ಊರನ್ನೇ ಕರೆದಿದ್ದಾಳೆ ಎಂದುಕೊಂಡ ಆ ಬಡಪಾಯಿ.

"ಇಷ್ಟೊಂದು ಜನಕ್ಕೆ ಹೇಳಿದ್ಯಾ, ಲೋನಿ?" ಎಂದ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟೇಬಿಟ್ಟ.

ಲೋನಿ ಅವನ ಕೋಟಿನ ತೋಳು ಹಿಡಿದಳು. "ನಾನು ಯಾರಿಗೂ ಏನೂ ಹೇಳಿಲ್ಲ ಮಾರಾಯ. ಇವರೆಲ್ಲ ಕುಡಿಯೋಕೆ ಬಂದವರು. ತಪ್ಪು ನಂದೇ, ಆಮೇಲೆ ಹೇಳ್ತೀನಿ. ನೀನೀಗ ಒಂದು ಉಪಕಾರ ಮಾಡು. ಒಳಗೆ ಬಂದು ದಂಟಿನ ಸಿಪ್ಪೆ ತೆಗಿ."

ಸಿಪ್ಪೆ ತೆಗೆಯುವುದರಲ್ಲಿ ಓಟ್ಮಾರ್ ಎತ್ತಿದ ಕೈ. ಕೋಟು ಕಳಚಿ, ಟೈಯನ್ನು ಹಾಗೇ ಬಿಟ್ಟು, ಅಡುಗೆಮನೆಯ ಕಿಟಕಿಯ ಪಕ್ಕ ಕೂತ. ದಂಟನ್ನು ಅಂಗೈ ಮೇಲೆ ಮಲಗಿಸಿ ತುದಿಯಿಂದ ಬುಡಕ್ಕೆ ಚಾಕು ಎಳೆದರೆ ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಬೀಳುತ್ತಿತ್ತು. ಗೊತ್ತಿದ್ದ ಕೆಲಸ ಕೈಗೆ ಸಿಕ್ಕಿದ್ದಕ್ಕೋ ಏನೋ ಅವನಿಗೆ ಧೈರ್ಯವೂ ಸ್ವಲ್ಪ ಸ್ವಲ್ಪ ಬಂತು.

"ಲೋನಿ, ಇಷ್ಟು ದಿನದಿಂದ ನಾನು..."

"ಉಪ್ಪು ಕೊಡು."

ಕೊಟ್ಟ. ಅವಳು ನಾಲ್ಕು ತಟ್ಟೆ ಹಿಡಿದು ಹೊರಗೆ ಹೋಗಿ ಬಂದಳು.

"ನಾನು ಇಷ್ಟು ದಿನದಿಂದ ಏನಂದ್ಕೊಂಡಿದ್ದೆ ಅಂದ್ರೆ..."

"ಲೋನಕ್ಕಾ, ಕಿಟಕಿ ಹತ್ರದ ಮೇಜಿಗೆ ಮೀನು," ಎಂದು ಹೊರಗಿನಿಂದ ಕೂಗು.

"ಬಂದೆ. ಹೇಳು ಓಟ್ಮಾರ್, ನಿಲ್ಲಿಸ್ಬೇಡ, ನಾನು ಕೇಳಿಸ್ಕೋತಾ ಇದ್ದೀನಿ," ಎಂದು ಅವಳು ಬಾಣಲೆಯೊಂದಿಗೆ ಓಡಿದಳು. ಓಟ್ಮಾರ್ ಖಾಲಿ ಅಡುಗೆಮನೆಗೆ ತನ್ನ ವಾಕ್ಯವನ್ನು ಅರ್ಧ ಹೇಳಿ ನಿಲ್ಲಿಸಿದ. ಹೀಗೆ ಮಧ್ಯಾಹ್ನ ಕಳೆಯಿತು. ಒಂದು ಪೆಟ್ಟಿಗೆ ದಂಟು ಸಿಪ್ಪೆ ಕಳಚಿಕೊಂಡಿತು, ಮಾತು ಮಾತ್ರ ಅಲ್ಲೇ ಇತ್ತು. ಅವನ ಮುಖ ಕಂಡಾಗಲೆಲ್ಲ ಲೋನಿಗೆ ಪಾಪ ಎನಿಸುತ್ತಿತ್ತು, ಆದರೆ ಅಂಗಳದಲ್ಲಿ ಜನ ತಟ್ಟೆ ಬಡಿದು ಹಾಡು ಶುರುಮಾಡಿದ್ದರು, ಅವಳ ಕಾಲೂ ತಾನಾಗಿ ತಾಳ ಹಾಕುತ್ತಿತ್ತು.

ಊರಿನ ಮೇಯರ್ ಬಂದ. ಈ ವರ್ಷ ಲೋನಿ ಮನೆ ತೆರೆಯುವುದಾಗಿ ಕಚೇರಿಗೆ ತಿಳಿಸಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನು ಗಂಭೀರವಾಗಿ ಕುರ್ಚಿ ಬೆಂಚು ಲೆಕ್ಕ ಮಾಡಿದ. ನಲವತ್ತೂ ಭರ್ತಿ. ಒಲೆಯ ಕಡೆಯಿಂದ ಬೆಣ್ಣೆಯ ಘಮ ಬಂತು. ಮೇಯರ್ ಉಗುಳು ನುಂಗಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ.

"ನಾನು ಕೂತಿಲ್ಲ, ಎಲ್ಲಾರೂ ನೋಡಿದ್ದೀರಿ, ಒರಗಿದ್ದೀನಿ ಅಷ್ಟೆ," ಎಂದ. "ಒರಗಿರೋರ ಬಗ್ಗೆ ಕಾನೂನಿನಲ್ಲಿ ಏನೂ ಇಲ್ಲ. ದಂಟು ಜಾಸ್ತಿ ಬೇಯಿಸ್ಬೇಡ ಲೋನಿ. ಉಳಿದದ್ದು ಸೋಮವಾರ ಕಚೇರಿಗೆ ಬಂದು ಹೇಳು."

ಅವನ ಹಿಂದೆಯೇ ಸೆಂಟಾ ನಿಂತಿದ್ದಳು.

ಪಕ್ಕದೂರಿನಲ್ಲಿ ತಂಗಿಯ ಮನೆಯ ಊಟದ ಮೇಜಿಗೇ ಸುದ್ದಿ ಮುಟ್ಟಿತ್ತಂತೆ. ಯಾರದೋ ಕಾರು ಹತ್ತಿ ಬಂದಿದ್ದಳು. ಕೋಲು ನೆಲಕ್ಕೆ ಕುಟ್ಟಿ ಸೊಸೆಯನ್ನು ನೋಡಿದಳು. "ನನ್ನ ಮನೆ ಗೇಟಿಗೆ ಸೊಪ್ಪು ಬೀಳುತ್ತೆ, ನನಗೆ ತಂಗಿ ಮನೇಲಿ ಗೊತ್ತಾಗ್ಬೇಕು. ಚೆನ್ನಾಗಿದೆ ಕಣೇ."

"ಅತ್ತೆ, ಗೊತ್ತಿಲ್ದೆ ಆಗಿದ್ದು. ಕೈತಪ್ಪು."

"ಕೈತಪ್ಪಿಗೆ ಟೈ ಯಾಕೆ ಬೇಕು?" ಸೆಂಟಾಳ ಕಣ್ಣು ಕಿಟಕಿಯಾಚೆ ಸಿಪ್ಪೆ ರಾಶಿಯ ಹಿಂದೆ ಮುದುರಿ ಕೂತಿದ್ದ ಓಟ್ಮಾರನ ಮೇಲಿತ್ತು. "ದಂಟಿನವನು ಟೈ ಕಟ್ಕೊಂಡು ಸಿಪ್ಪೆ ಸುಲಿಯೋದನ್ನ ನಾನು ನೋಡಿಲ್ಲ."

ಓಟ್ಮಾರ್ ಎದ್ದುನಿಂತು, "ನಮಸ್ಕಾರ ಅಮ್ಮಾ," ಎಂದು ಚಾಕು ಹಿಡಿದೇ ತಲೆಬಾಗಿಸಿದ. ಸೆಂಟಾ ಆಗಲೇ ತಿರುಗಿ ನಡೆದಿದ್ದಳು. ಅಂಗಳದ ಮೂಲೆಯಲ್ಲಿ, ಎಲ್ಲ ಮೇಜುಗಳೂ ಕಾಣುವ ತನ್ನ ಹಳೆಯ ಜಾಗದಲ್ಲಿ ಕೂತಿದ್ದವರನ್ನು ಕೋಲಿನಿಂದಲೇ ಎಬ್ಬಿಸಿ ತಾನು ಕೂತಳು. ಅಲ್ಲಿಂದ ದರ್ಬಾರು ಶುರುವಾಯಿತು. ಆ ತಟ್ಟೆಗೆ ಬ್ರೆಡ್ಡು ಕಮ್ಮಿ, ಈ ಗ್ಲಾಸು ಬಿಸಿಯಾಗಿದೆ, ಸಾಸೇಜು ತಿನ್ನುವವನಿಗೆ ಹಳೆಯ ವರ್ಷದ್ದು ಸುರಿ. ಹಂಬರ್ಗಿನ ಹೆಂಗಸು ದಂಟು ತಿಂದು, ಕುಡಿದು, ಕಣ್ಣು ಮುಚ್ಚಿ ಕೂತುಬಿಟ್ಟಿದ್ದಳು. "ಸಿಹಿ ಬೇಕಿತ್ತಲ್ಲಮ್ಮ ನಿನಗೆ?" ಎಂದು ಸೆಂಟಾ ಕೆಣಕಿದರೆ, "ಆ ಮಾತು ಎತ್ತಬೇಡಿ ಅಜ್ಜಿ," ಎಂದು ಇನ್ನೊಂದು ಗ್ಲಾಸು ತರಿಸಿಕೊಂಡಳು. ಅಂಗಳವೆಲ್ಲ ಗೊಳ್ಳೆಂದಿತು. ಅತ್ತೆ ನಕ್ಕದ್ದನ್ನು ಲೋನಿ ಅವತ್ತು ಬಹಳ ದಿನದ ಮೇಲೆ ನೋಡಿದಳು. ಆದರೆ ತನ್ನ ಕಡೆ ತಿರುಗಿದಾಗ ಆ ನಗು ಇರಲಿಲ್ಲ, ಅದೇ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಬಿಸಿಲು ಬೆಟ್ಟದ ಕಡೆಗೆ ವಾಲಿತು. ಭಾನುವಾರ ಕಿಲಿಯಾನ್ ಬೇಗ ದೋಣಿ ನಿಲ್ಲಿಸುತ್ತಾನೆ. ಕೊನೆಯ ಸಲ ದಾಟಿಸುವ ಮುಂಚೆ ಗಂಟೆ ಬಾರಿಸುತ್ತಾನೆ. ಅಡುಗೆಮನೆಯೊಳಗೆ ಓಟ್ಮಾರ್ ಕೋಟು ಹಾಕಿಕೊಳ್ಳುವುದನ್ನು ಲೋನಿ ಅಂಗಳದಿಂದಲೇ ಕಿಟಕಿಯಲ್ಲಿ ಕಂಡಳು. ಅವಳ ಎರಡೂ ಕೈಯಲ್ಲಿ, ಬೆರಳ ಸಂದಿ ಸಂದಿಗೆ ಸಿಕ್ಕಿಸಿದ ತುಂಬಿದ ಗ್ಲಾಸುಗಳು. ಅವನು ಹೊರಡುವುದರಲ್ಲಿದ್ದ. ಈಗ ಹೋದರೆ ಮುಗಿಯಿತು, ಹಬ್ಬ ಬರುತ್ತದೆ, ದಿಬ್ಬಗಳು ಹಸಿರಾಗುತ್ತವೆ, ಮತ್ತೆ ಏಪ್ರಿಲ್. ಇಷ್ಟೊಂದು ಸಂತೋಷದ ದಿನ ಒಂದು ಮಾತಿಗೆ ಜಾಗವಿಲ್ಲದೆ ಹೋಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ನದಿಯ ಕಡೆಯಿಂದ ಗಂಟೆ ಕೇಳಿಸಿತು. ಅಂಗಳದಲ್ಲಿ ಆಚೆ ದಡದವರೂ ಎಷ್ಟೋ ಜನ ಇದ್ದರು. ಅದು ಕೊನೆಯ ದೋಣಿಯ ಗಂಟೆಯೇ ಎಂದು ಎಲ್ಲರೂ ಹಾಡು ನಿಲ್ಲಿಸಿ ಕಿವಿಗೊಟ್ಟರು. ಅಂಗಳ ತಟ್ಟನೆ ಮೌನವಾಯಿತು. ಗದ್ದಲದ ಮೇಲೆ ಕೇಳಿಸಲೆಂದು ಓಟ್ಮಾರ್ ಆಗಲೇ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿ ಉಸಿರು ತುಂಬಿಕೊಂಡಿದ್ದ. ಇನ್ನು ತಡೆಯುವುದು ಅವನ ಕೈಯಲ್ಲೂ ಇರಲಿಲ್ಲ.

"ಲೋನಿ, ನನ್ನ ಮದುವೆ ಆಗ್ತೀಯಾ?"

ಮಾತು ಗೋಡೆಗೆ ಬಡಿದು ವಾಪಸು ಬಂತು. ನಲವತ್ತು ಜನ ಕೂತವರು, ಒಬ್ಬ ಒರಗಿದವನು, ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಕೆಂಪು ಕೆಂಪಾದ ಓಟ್ಮಾರ್ ಕಿಟಕಿಯ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದ. ಆದರೆ ಹಿಂದಕ್ಕೆ ಸರಿಯಲಿಲ್ಲ. "ನಾನೇ ಈ ದಡಕ್ಕೆ ಬರ್ತೀನಿ," ಎಂದು ಸೇರಿಸಿದ, ಈ ಸಲ ಮೆಲ್ಲಗೆ. "ನೀನು ಬಳ್ಳಿ ಬಿಟ್ಟು ಬರ್ಬೇಕಾಗಿಲ್ಲ. ಅಮ್ಮನ್ನೂ."

ಲೋನಿ ಅಂಗಳದ ನಟ್ಟನಡುವೆ ನಿಂತಿದ್ದಳು. ಹೂಂ ಎನ್ನುವ ಮಾತು ಗಂಟಲ ತನಕ ಬಂದಿತ್ತು. ಬಾಯಿ ತೆರೆದರೆ ಅಲ್ಲೇ ಇತ್ತು. ಆದರೆ ಅವಳ ಕಣ್ಣು ಅವಳ ಮಾತು ಕೇಳದೆ ಅತ್ತೆ ಕೂತಿದ್ದ ಅಂಗಳದ ಮೂಲೆಗೆ ಹೋಯಿತು. ಗ್ಲಾಸುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದುಮಾಡಿದವು.

ಸೆಂಟಾ ಎದ್ದಳು. ಕೋಲನ್ನು ಬೆಂಚಿಗೆ ಒರಗಿಸಿ, ಮೇಜುಗಳ ಅಂಚು ಹಿಡಿದುಕೊಂಡು, ಒಬ್ಬೊಬ್ಬರ ಹೆಗಲ ಮೇಲೆ ಕೈಯಿಡುತ್ತ ನಡೆದುಬಂದಳು. ಸೊಸೆಯ ಮುಂದೆ ನಿಂತು ಅವಳ ಬಲಗೈಯ ಬೆರಳ ಸಂದಿಯಿಂದ ಒಂದು ಗ್ಲಾಸು ಬಿಡಿಸಿಕೊಂಡಳು.

"ಎರಡೂ ಕೈ ತುಂಬ ಗ್ಲಾಸು ಹಿಡ್ಕೊಂಡು ನಿಂತ್ರೆ ಅವನೇನು ಮಾಡ್ಬೇಕು ಪಾಪ," ಎಂದಳು.

ಚಾಕುವಿನ ಮುದುಕ ಎದ್ದು ಒಂದು ಗ್ಲಾಸು ತೆಗೆದುಕೊಂಡ. ಅವನ ಜೊತೆಗಾರ ಇನ್ನೊಂದು. ಹಂಬರ್ಗಿನ ಹೆಂಗಸು ಕಣ್ಣೊರೆಸಿಕೊಂಡು ಒಂದು. ಮೇಯರ್ ಒರಗಿದ್ದನ್ನು ಮರೆತು ಬಂದು ಒಂದು. ಬೆರಳುಗಳು ಒಂದೊಂದಾಗಿ ಹಗುರವಾಗುತ್ತ ಬಂದವು. ಕೊನೆಯ ಗ್ಲಾಸು ಹೋದಾಗ ಲೋನಿಗೆ ತನ್ನ ಒದ್ದೆ ಕೈಗಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ, ಎದೆಯ ಮುಂದೆ ಹಾಗೇ ಹಿಡಿದುಕೊಂಡು ನಿಂತಳು.

"ಅತ್ತೆ," ಎಂದಳು.

"ಗೊತ್ತು ಕಣೇ," ಎಂದಳು ಸೆಂಟಾ, ಇಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಏವಾಲ್ಟನಿಗೆ ನಾನು ಹೇಳ್ಕೋತೀನಿ. ನೀನು ಹೋಗು."

ಆಮೇಲೆ ಸೊಸೆಯ ಬೆನ್ನ ಮೇಲೆ ಕೈಯಿಟ್ಟು, ಕಿಟಕಿಯ ಕಡೆಗೆ ಮೆಲ್ಲಗೆ ತಳ್ಳಿದಳು.